ಊರಿಗಾಂನಲ್ಲಿ ಆಡಿದ ಫೈನಲ್

ನಮ್ಮ ವಂಶದಲ್ಲೇ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಆ ವರ್ಷ ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಫೈನಲ್ ಚಿನ್ನದ ಗಣಿಯ ಊರಾದ ನಮ್ಮ ಊರಿಗಾಂನಲ್ಲೇ ಇತ್ತು. ನಾನಿದ್ದ ತಂಡಕ್ಕೆ ಎದುರಾಳಿಗಳು ಬೆಂಗಳೂರಿನವರು. ಗಣಿಯೊಳಗೆ ದುಡಿಯುತ್ತಿದ್ದ ಅಪ್ಪನನ್ನು ಆಟ ನೋಡಲು ಕರೆದೆ.

"ಓದಿದೋರ ಮಧ್ಯೆ ನಂಗೇನ್ಲಾ ಕೆಲ್ಸ? ಶಿಫ್ಟು ಬೇರೆ ಐತೆ. ನೀನು ಓಗು" ಎಂದುಬಿಟ್ಟ.

ಆಟ ಮುಗಿಯಲು ಒಂದೇ ಸೆಕೆಂಡ್ ಉಳಿದಿತ್ತು. ನಾವು ಒಂದೇ ಅಂಕ ಹಿಂದೆ, ಯಾರೂ ಅಡ್ಡ ಬರದಂತೆ ಎಸೆಯಲು ನನಗೊಂದು ಫ್ರೀ ಥ್ರೋ ಸಿಕ್ಕಿತ್ತು; ಬಿದ್ದರೆ ಸಮ. ಚೆಂಡು ಎತ್ತುವಷ್ಟರಲ್ಲಿ ಕಾಲಡಿಯ ನೆಲ ಗುಡುಗುಟ್ಟಿ ನಡುಗಿತು. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಹಾಗಾಗುತ್ತದೆ. ಬೆಂಗಳೂರಿನ ಹುಡುಗರು ಗಾಬರಿಯಿಂದ ನೆಲ ನೋಡಿದರು. ನಮ್ಮೂರಿನವರೆಲ್ಲ ಗಣಿಯ ಕಡೆ ತಿರುಗಿ, ಅಪಾಯದ ಸೈರನ್ ಕೂಗುತ್ತದೇನೋ ಎಂದು ಕಿವಿಗೊಟ್ಟು ನಿಂತರು. ರೆಫರಿ ಆಟ ನಿಲ್ಲಿಸಿದರು. ಅಪ್ಪ ಒಳಗಿದ್ದಾನೆ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಆಗ ಜನರ ಹಿಂದಿನಿಂದ ಕೂಗು ಬಂತು. "ಲೇ, ನಾನಿಲ್ಲೇ ಇದೀನಿ ಕಣ್ಲಾ! ಶಿಫ್ಟು ಬದಲಾಯಿಸ್ಕೊಂಡು ಬಂದೆ. ಆಕ್ಲಾ ಚೆಂಡ!"

ಸೈರನ್ ಕೂಗಲೇ ಇಲ್ಲ. ಎಲ್ಲರೂ ನೆಮ್ಮದಿಯ ಉಸಿರುಬಿಟ್ಟರು, ರೆಫರಿ ಮತ್ತೆ ಸೀಟಿ ಊದಿದರು. ಕಣ್ಣು ಮಂಜಾಗಿದ್ದರೂ ಎಸೆದೆ. ಚೆಂಡು ಬುಟ್ಟಿಯ ಕಬ್ಬಿಣದ ಬಳೆಗೆ ಬಡಿದು ಆಚೆ ಬಿತ್ತು. ಕಪ್ ಬೆಂಗಳೂರಿಗೆ ಹೋಯಿತು.

ಮನೆಗೆ ನಡೆಯುವಾಗ ಅಪ್ಪ ನನ್ನ ಬೂಟುಗಳನ್ನು ತಾನೇ ಹಿಡಿದುಕೊಂಡ. "ಆ ಬಳೇನ ಅಷ್ಟೆತ್ತರಕ್ಕೆ ಕಟ್ಟವ್ರಲ್ಲ, ಒಸಿ ಕೆಳಗೆ ಕಟ್ಟಿದ್ರೆ ಅವ್ರಪ್ಪನ ಗಂಟೇನು ಓಗ್ತಿತ್ತು?" ಎಂದು ದಾರಿಯುದ್ದಕ್ಕೂ ಬೈದ. ಸೋತು ಬಂದ ನಾನು ಮನೆ ಸೇರುವವರೆಗೂ ನಗುತ್ತಲೇ ಇದ್ದೆ.