ಮಕ್ಕಳ ಸದ್ದಿಲ್ಲದ ಬೀದಿ

ಯಾವ ಮನೆ ಕೊಳ್ಳುವ ಮೊದಲೂ ಅಂಕಯ್ಯ ಆ ಬೀದಿಯಲ್ಲಿ ಒಂದಷ್ಟು ದಿನ ಬಡಗಿ ಕೆಲಸ ಹಿಡಿಯುತ್ತಿದ್ದ. ಮುರಿದ ಮಂಚದ ಕಾಲು, ಸಡಿಲಾದ ಅಗುಳಿ, ಸೀಳಿದ ಒನಕೆ, ಏನು ಕೊಟ್ಟರೂ ಸರಿ. ಯಾರದಾದರೂ ಜಗಲಿಯ ಮೇಲೆ ಉಳಿ ಹಿಡಿದು ಕೂತರೆ ಬೀದಿ ತಾನಾಗಿ ಬಾಯಿ ಬಿಡುತ್ತದೆ ಎಂದು ಅವನು ನಂಬಿದ್ದ. ಬಾವಿ ನೀರು ಸಿಹಿಯೋ ಸವುಳೋ, ಮಳೆ ನೀರು ಯಾರ ಅಂಗಳಕ್ಕೆ ನುಗ್ಗುತ್ತದೆ, ಗೋಡೆಯ ವಿಷಯಕ್ಕೆ ಯಾರ ಯಾರ ನಡುವೆ ಜಗಳವಿದೆ, ಎಲ್ಲವೂ ಅವನ ಕಿವಿಗೆ ಬೀಳುತ್ತಿತ್ತು. ಮದ್ದೂರಿನಲ್ಲಿ ಒಂದು ಒಳ್ಳೆಯ ಮನೆಯನ್ನು ಅವನು ಬಿಟ್ಟದ್ದು ಪಕ್ಕದವನು ಸಂಜೆಯಾದರೆ ಕುಡಿದು ಬಂದು ಬಾಗಿಲು ತಪ್ಪಿ ಕದ ತಟ್ಟುತ್ತಾನೆ ಎಂದು ತಿಳಿದ ಮೇಲೆ.

ಅವನ ಊರು ಮದ್ದೂರಿನ ಹತ್ತಿರದ ವೈದ್ಯನಾಥಪುರ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಕಟ್ಟುವಾಗ ಕೂಲಿಗೆ ಹೋಗಿ ಮರಗೆಲಸ ಕಲಿತ. ಆಮೇಲೆ ಮದ್ದೂರಿನಲ್ಲಿ ಬೀಳುವಂತಿದ್ದ ಎರಡು ಮನೆಗಳನ್ನು ಒಂದರ ಹಿಂದೊಂದು ಕೊಂಡು, ತೊಲೆ ಬದಲಿಸಿ, ಹೆಂಚು ಹೊದಿಸಿ, ಕದಕ್ಕೆ ಎಣ್ಣೆ ತಿಕ್ಕಿ ಮಾರಿದ. ಎರಡರಲ್ಲೂ ಲಾಭವಾಯಿತು. ಹೆಂಡತಿ ಚಿಕ್ಕನಂಜಮ್ಮನಿಗೆ ಈ ಕಸುಬು ಹಿಡಿಸಿರಲಿಲ್ಲ. ಒಲೆ ಹೂಡಿ ಅದು ಸುಟ್ಟು ಗಟ್ಟಿಯಾಗುವಷ್ಟರಲ್ಲಿ ಮನೆ ಬೇರೆಯವರದಾಗಿರುತ್ತದೆ ಎನ್ನುತ್ತಿದ್ದಳು.

ಸಾವಿರದ ಒಂಬೈನೂರ ನಲವತ್ತಮೂರರ ಸಂಕ್ರಾಂತಿ ಕಳೆದ ಮೇಲೆ ಅವನು ಮಂಡ್ಯಕ್ಕೆ ಬಂದ. ಕಾರ್ಖಾನೆಯಿಂದ ಊರು ಬೆಳೆಯುತ್ತಿತ್ತು; ಗುಮಾಸ್ತರಿಗೆ, ಮೇಸ್ತರಿಗಳಿಗೆ ಮನೆ ಸಿಗುತ್ತಿರಲಿಲ್ಲ. ಊರಂಚಿನಲ್ಲಿ, ನಾಲೆಯ ಕೆಳಗಿನ ಗದ್ದೆಗಳಿಗೆ ಬೆನ್ನು ಕೊಟ್ಟ ಒಂದು ಬೀದಿಯಲ್ಲಿ ದೊಡ್ಡ ತೊಟ್ಟಿಮನೆಯೊಂದು ಅಗ್ಗಕ್ಕೆ ಬಂದಿತ್ತು. ಅಂಕಯ್ಯ ಎದುರು ಮನೆಯ ಮರಿತಾಯಮ್ಮ ಎಂಬ ವಿಧವೆಯ ಜಗಲಿಯಲ್ಲಿ ಉಳಿ ಬಿಚ್ಚಿ ಕೂತ.

ನಾಲೆ ಬಂದ ಮೇಲೆ ಗದ್ದೆ ಬಯಲಿನ ಊರುಗಳಲ್ಲಿ ಚಳಿಜ್ವರ ಎದ್ದದ್ದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ನೇರವಾಗಿಯೇ ಕೇಳಿದ. ಅದೆಲ್ಲ ಹಳೇ ಮಾತು, ಆರೋಗ್ಯ ಇಲಾಖೆಯವರು ಬಂದು ಗುಂಡಿಗಳಿಗೆ ಎಣ್ಣೆ ಹುಯ್ದ ಮೇಲೆ ಒಂದು ಸೊಳ್ಳೆಯೂ ಇಲ್ಲ ಎಂದಳು ಮರಿತಾಯಮ್ಮ. ಬಾವಿಕಟ್ಟೆಯಲ್ಲಿ ಹೆಂಗಸರೂ ಅದನ್ನೇ ಹೇಳಿದರು. ಮೂಲೆಮನೆಯ ಕೆಂಪಸಿದ್ದಯ್ಯ, ಈ ಬೀದಿ ತಣ್ಣಗಿದೆ, ನೀನೇ ನೋಡುತ್ತಿದ್ದೀಯಲ್ಲ ಎಂದ. ಅದು ನಿಜವಾಗಿತ್ತು. ಕೂಗಾಟವಿಲ್ಲ, ಕಲ್ಲೆಸೆತವಿಲ್ಲ, ಸಾರಿಸಿದ ಅಂಗಳಗಳಲ್ಲಿ ರಂಗೋಲಿ ಸಂಜೆಯವರೆಗೂ ಅಳಿಸದೆ ಉಳಿಯುತ್ತಿತ್ತು. ಅದನ್ನೂ ಅಂಕಯ್ಯ ಬೀದಿಯ ಗುಣಗಳಲ್ಲಿ ಸೇರಿಸಿಕೊಂಡ. ವೈದ್ಯನಾಥಪುರದ ಸ್ವಂತ ಮನೆಯನ್ನು ಮಾರಿ ಇದನ್ನು ಕೊಂಡ.

ಬೇಸಿಗೆಯೆಲ್ಲ ಕೆಲಸ ನಡೆಯಿತು. ನಾಲೆ ಒಣಗಿತ್ತು. ಯುದ್ಧದಿಂದ ಮರಕ್ಕೂ ಹೆಂಚಿಗೂ ಬೆಲೆ ಏರಿದ್ದರೂ ಅವನು ಕೈ ಬಿಗಿಹಿಡಿಯಲಿಲ್ಲ. ಬಾಗಿಲಿಗೆ ಹಲಸಿನ ಕದ, ತೊಟ್ಟಿಯ ನಾಲ್ಕು ಕಡೆಗೂ ಹೊಸ ಜಂತೆ. ಮುಂಗಾರಿನಲ್ಲಿ ನಾಲೆಗೆ ನೀರು ಬಿಟ್ಟರು. ಹಿತ್ತಲ ಗೋಡೆಯವರೆಗೆ ಗದ್ದೆ ತುಂಬಿತು. ನಾಟಿ ಮುಗಿಯುವ ಹೊತ್ತಿಗೆ ಅವರ ಒಬ್ಬಳೇ ಮಗಳು, ನಾಲ್ಕು ವರ್ಷದ ದೇವಿರಮ್ಮ, ಹಲ್ಲು ಕಟಕಟಿಸುತ್ತ ನಡುಗತೊಡಗಿದಳು.

ಜ್ವರ ಒಂದು ದಿನ ಬಿಟ್ಟು ಒಂದು ದಿನ ಬರುತ್ತಿತ್ತು. ಬಿಡುವಿನ ದಿನ ಮಗು ಎದ್ದು ಗಂಜಿ ಕುಡಿಯುತ್ತಿತ್ತು. ಮರುದಿನ ಮತ್ತೆ ಕಂಬಳಿಯೊಳಗೆ. ಪಕ್ಕೆಲುಬಿನ ಕೆಳಗೆ ಗುಲ್ಮ ಊದಿ ಗಡ್ಡೆಯಂತೆ ಕೈಗೆ ಸಿಗುವಷ್ಟಾಯಿತು. ಆಸ್ಪತ್ರೆಯಲ್ಲಿ ಕೊಟ್ಟ ಕ್ವಿನೈನ್ ಗುಳಿಗೆ ಬೇಗ ಮುಗಿಯಿತು. ಯುದ್ಧ ನಿಲ್ಲುವ ತನಕ ಗುಳಿಗೆಗೆ ಇದೇ ಗೋಳು, ನೀರಿರುವ ಜಾಗ ಬಿಟ್ಟು ಒಣ ಸೀಮೆಗೆ ಕರೆದುಕೊಂಡು ಹೋಗು ಎಂದರು ಡಾಕ್ಟರು. ಚಿಕ್ಕನಂಜಮ್ಮನ ತವರು ಮಳವಳ್ಳಿ ಕಡೆಯ ಪೂರಿಗಾಲಿ. ಆದರೆ ಅಲ್ಲಿ ಅಣ್ಣನ ಮನೆಯಲ್ಲಿ ಅವನದೇ ಸಂಸಾರಕ್ಕೆ ಕಾಳು ಸಾಲದು. ಈ ಮನೆ ಮಾರದೆ ಕೈಯಲ್ಲಿ ಏನೂ ಇರಲಿಲ್ಲ.

ಕೊಳ್ಳುವವರು ಬಂದದ್ದು ಜ್ವರದ ದಿನವೇ. ಕಾರ್ಖಾನೆಯ ಗುಮಾಸ್ತನೊಬ್ಬ, ಜೊತೆಗೆ ಅವನ ತಾಯಿ. ಚಿಕ್ಕನಂಜಮ್ಮ ಮಗುವನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಹೋಗೆಂದು ಅಂಕಯ್ಯ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಗುಮಾಸ್ತ ತೊಲೆಗಳನ್ನು ನೋಡಿದ, ಕದ ಸವರಿದ, ಮೆಚ್ಚಿಕೊಂಡ. ಮುದುಕಿ ಮಾತ್ರ ಹೊಸ್ತಿಲು ದಾಟಲಿಲ್ಲ. ಬೀದಿಯ ನಡುವೆ ನಿಂತು ಆ ತುದಿ ಈ ತುದಿ ನೋಡುತ್ತಿದ್ದಳು. ಮರಿತಾಯಮ್ಮ ಜಗಲಿಯಿಂದ, ನೀರು ಸಿಹಿ, ಗಾಳಿ ತಂಪು ಎಂದು ಹೊಗಳತೊಡಗಿದಳು.

“ಐಕಳೆಲ್ಲ ಎಲ್ಲೋದವಮ್ಮ ಈ ಬೀದೀಲಿ?” ಎಂದಳು ಮುದುಕಿ.

“ಇಸ್ಕೂಲ್ಗೋಗವೆ ಕಣಮ್ಮ.”

“ಕೈಕೂಸುಗಳೂವೇ?”

ಉತ್ತರಕ್ಕೆ ಕಾಯದೆ ಮುದುಕಿ ಹೊರಗೆ ಬಂದ ಮಗನ ತೋಳು ಹಿಡಿದಳು. ಅವನು ಒಮ್ಮೆ ಕದದ ಕಡೆ ತಿರುಗಿ ನೋಡಿದ, ಹೊರಟುಹೋದ.

ಅಂಕಯ್ಯ ಬೀದಿ ದಾಟಿ ಎದುರು ಜಗಲಿಯ ಮುಂದೆ ನಿಂತ. ಮೊಮ್ಮಕ್ಕಳಿಲ್ಲವೇ ನಿನಗೆ ಎಂದು ಕೇಳಿದ. ಆರು ತಿಂಗಳು ಎದುರು ಬದುರು ಇದ್ದು ಇದೊಂದನ್ನು ಅವನು ಕೇಳಿರಲಿಲ್ಲ.

“ಇಬ್ರು ತೋಪಿನ ತಾವ ಮಣ್ಣೊಳಗವೆ. ಒಂದು ಅದರ ಸೋದರತ್ತೆ ಮನೇಲದೆ, ಒಣ ಸೀಮೇಲಿ,” ಎಂದಳು ಅವಳು, ಸೆರಗಿನಿಂದ ಜಗಲಿಯ ಧೂಳು ಒರೆಸುತ್ತ. “ನಿಂಗೆ ಹೇಳಿದ್ರೆ ನೀನು ತಕತಿದ್ಯ? ಒಬ್ಬ ಬಾಯಿ ಬುಟ್ರೆ ಯಾರ ಮನೇನೂ ಮಾರಾಕಾಗಕಿಲ್ಲ ಅಂತ ಎಲ್ಲಾರೂ ಕೂತು ಮಾತಾಡಿದ್ವಿ ಕಣಯ್ಯ. ನೀನೂ ಇವತ್ತು ಮೊಗ ಒಳಗಿಟ್ಟು ಬಾಗ್ಲು ಎಳ್ಕೊಂಡಿದ್ಯಲ್ಲ.”

ಅಂಕಯ್ಯ ಮನೆಯೊಳಗೆ ಬಂದು ಮಗುವಿನ ಕಾಲ ಬಳಿ ಕೂತ. ಈ ಮನೆಯನ್ನು ಮನೆಯಾಗಿ ಯಾರೂ ಬೇಗ ಕೊಳ್ಳುವುದಿಲ್ಲ. ಇನ್ನೊಬ್ಬ ಬರಬಹುದು, ಅವನ ಹಿಂದೆ ಮತ್ತೊಬ್ಬ. ಅಷ್ಟು ದಿನ ಮಗು ಇರುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಮರುದಿನ, ಜ್ವರ ಬಿಟ್ಟ ದಿನ, ಅವನು ಏಣಿ ಹಾಕಿ ಮಾಡು ಹತ್ತಿದ.

ಹೆಂಚಿನ ಸದ್ದಿಗೆ ಬೀದಿ ಹೊರಗೆ ಬಂತು. ಸೋರುತ್ತದೆಯೇನೋ ಎಂದುಕೊಂಡಿದ್ದವರಿಗೆ ಜಂತೆ ಕೆಳಗಿಳಿಯತೊಡಗಿದಾಗ ಅರ್ಥವಾಯಿತು. ಬೀದಿಯ ನಡುವೆ ಸೂರಿಲ್ಲದ ಮನೆಯೊಂದು ನಿಂತರೆ ನೋಡಿದವರು ಯಾಕೆ ಎಂದು ಕೇಳಿಯೇ ಕೇಳುತ್ತಾರೆ. ಕೆಂಪಸಿದ್ದಯ್ಯ ಏಣಿಯ ಬುಡ ಹಿಡಿದು ನಿಂತ.

“ಲೇ ಅಂಕ, ಇಳೀಲಾ. ಬೀದಿ ಹೊಟ್ಟೆ ಮೇಲೆ ವಡೀಬ್ಯಾಡ.”

“ಏಣಿ ಬುಡಣ್ಣ,” ಎಂದ ಅಂಕಯ್ಯ. “ಬಿದ್ರೆ ನನ್ನ ಮಗಳಿಗೆ ಗಾಡಿ ಕಟ್ಟೋರು ಯಾರೂ ಇಲ್ಲ.”

ಕೆಂಪಸಿದ್ದಯ್ಯ ಏಣಿ ಅಲ್ಲಾಡಿಸಲಿಲ್ಲ. ಬಿಡಲೂ ಇಲ್ಲ. ಕೊನೆಗೆ ಅವನೇ ತಲೆಯೆತ್ತಿ ಮೇಲಿನಿಂದ ಬಂದ ಜಂತೆಗೆ ಕೈ ಕೊಟ್ಟ. ಇಲ್ಲದಿದ್ದರೆ ಅದು ಅವನ ಮೇಲೇ ಬೀಳುತ್ತಿತ್ತು.

ಮದ್ದೂರಿನಲ್ಲಿ ಹಳೆಯ ಪರಿಚಯದ ಮರದ ವ್ಯಾಪಾರಿಯೊಬ್ಬನಿದ್ದ. ಯುದ್ಧಕಾಲದಲ್ಲಿ ತೊಲೆ, ಜಂತೆ, ಹೆಂಚು ಯಾವ ಬೀದಿಯವೆಂದು ಅವನು ಕೇಳುವವನಲ್ಲ. ನಾಲ್ಕನೆಯ ದಿನ ಎರಡು ಗಾಡಿ ಬಾಡಿಗೆಗೆ ಬಂದವು; ಮರವನ್ನು ಮದ್ದೂರಿನಲ್ಲಿ ಇಳಿಸಿ, ಆ ಹಣದೊಂದಿಗೆ ಪೂರಿಗಾಲಿಗೆ ಹೋಗುವುದು ಎಂದಾಗಿತ್ತು. ಚೌಕಟ್ಟು ಕಿತ್ತ ಕಡೆ ಗೋಡೆಯ ಮಣ್ಣು ಉದುರಿ, ಬಾಗಿಲಿದ್ದಲ್ಲಿಂದ ಹಿತ್ತಲ ಗದ್ದೆಯ ನೀರು ಬೀದಿಗೇ ಕಾಣುತ್ತಿತ್ತು. ಆ ದಿನ ಮತ್ತೆ ಜ್ವರದ ಸರದಿ. ಚಿಕ್ಕನಂಜಮ್ಮ ಎರಡನೆಯ ಗಾಡಿಯಲ್ಲಿ ಹುಲ್ಲು ಹಾಸಿ ಮಗುವನ್ನು ಮಡಿಲಲ್ಲಿಟ್ಟುಕೊಂಡಳು. ಬಿಸಿಲಿಗೆ ಮರೆಯಾಗಲೆಂದು ಹಲಸಿನ ಕದವೊಂದನ್ನು ಅವಳ ತಲೆಯ ಮೇಲೆ ಓರೆಯಾಗಿ ಕಟ್ಟಲಾಯಿತು.

ಹಗ್ಗ ಬಿಗಿಯುತ್ತಿದ್ದಾಗ ಮರಿತಾಯಮ್ಮ ಬಂದಳು. ಹಿಂದಿನ ಮೂರು ದಿನ ಮಣ್ಣು ತೂರಿ ಶಾಪ ಹಾಕಿದವಳು ಈಗ ದನಿ ತಗ್ಗಿಸಿದ್ದಳು.

“ನಂದೂ ಬಾಗ್ಲು ಬಿಚ್ಚಿಕೊಡಪ್ಪ. ತೊಲೆ ಗಟ್ಟಿಯಾಗವೆ. ನಾನೂ ಮೊಗ ಇರೋ ಅಳ್ಳಿಗೆ ಓಯ್ತೀನಿ.”

ಅಂಕಯ್ಯ ಅವಳ ಮನೆಯ ಬಾಗಿಲನ್ನು ನೋಡಿದ. ಅರ್ಧ ದಿನದ ಕೆಲಸ. ಗಾಡಿಯ ಮೇಲೆ ದೇವಿರಮ್ಮನ ನಡುಕ ಶುರುವಾಗಿತ್ತು. ಕದದ ಹಲಗೆಗೆ ಅವಳ ಮೊಣಕಾಲು ತಗುಲಿ ಸಣ್ಣಗೆ ಸದ್ದಾಗುತ್ತಿತ್ತು.

“ಆಗಕಿಲ್ಲ ಕಣವ್ವ,” ಎಂದ. ಎತ್ತಿನ ಹಗ್ಗ ಹಿಡಿದು ಮುಂದೆ ನಡೆದ.