ಹುಲಗೆಮ್ಮನ ನಲವತ್ತು ತಪ್ಪುಗಳು

ಕಾರಟಗಿಯ ರೈಸ್ ಮಿಲ್ಲೊಂದರಲ್ಲಿ ಹುಲಗೆಮ್ಮ ಇಪ್ಪತ್ತನಾಲ್ಕು ವರ್ಷ ಅಕ್ಕಿಯ ಗುಣ ನೋಡಿ ಹೇಳುತ್ತಿದ್ದಳು. ಹೋದ ವರ್ಷ ಅವಳ ಜಾಗಕ್ಕೆ ಕ್ಯಾಮೆರಾ ಇರುವ ಮಷೀನೊಂದು ಬಂದು ಕೂತಿತು. ಒಂದು ಹಿಡಿ ಅಕ್ಕಿ ಸುರಿದರೆ ಒಳ್ಳೆಯದೆಷ್ಟು, ಕೆಟ್ಟದ್ದೆಷ್ಟು ಎಂದು ಅದೇ ಹೇಳುತ್ತದಂತೆ. ಹುಲಗೆಮ್ಮ ಮನೆ ಸೇರಿದಳು. ತನ್ನನ್ನು ಕೇಳುವವರೇ ಇಲ್ಲವಾದರಲ್ಲ ಎಂಬ ಕೊರಗು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಆ ಮಷೀನು ಮಾಡಿದ ಕಂಪನಿಯೇ, ಮಷೀನಿಗೆ ಅಕ್ಕಿಯ ಗುಣ ಕಲಿಸುವವರು ಬೇಕೆಂದು ಜಾಹೀರಾತು ಹಾಕಿದ್ದನ್ನು ಸೊಸೆ ನೇತ್ರಾವತಿ ಮೊಬೈಲಿನಲ್ಲಿ ಕಂಡಳು. ಪಿಯುಸಿ ಓದಿದ ಹುಡುಗಿ, ಆಗಲೇ ಅರ್ಜಿ ತುಂಬಲು ಕೂತಳು. ಡಿಗ್ರಿ ಯಾವುದೆಂದು ಹೇಳದೆ ಅರ್ಜಿ ಮುಂದಕ್ಕೇ ಹೋಗಲೊಲ್ಲದು. ಕೊನೆಗೆ 'ಇತರೆ' ಎಂದು ಒತ್ತಿ ಪಾರಾದಳು. ಈ ಕೆಲಸ ಅತ್ತೆಗೆ ಸಿಗಲೇಬೇಕು ಎಂಬ ಹಟ ಅತ್ತೆಗಿಂತ ಅವಳಿಗೇ ಜಾಸ್ತಿಯಿತ್ತು.

ವಾರದ ಮೇಲೆ ಸಂದರ್ಶನಕ್ಕೆಂದು ವಿಡಿಯೋ ಕಾಲ್ ಬಂತು. ಬೆಂಗಳೂರಿನ ಹುಡುಗಿಯೊಬ್ಬಳು ನಗುನಗುತ್ತಾ ಕೇಳಿದಳು, "ಐದು ವರ್ಷ ಆದ್ಮೇಲೆ ನಿಮ್ಮನ್ನ ನೀವು ಎಲ್ಲಿ ನೋಡೋಕೆ ಇಷ್ಟಪಡ್ತೀರಾ ಮೇಡಂ?"

"ಇಲ್ಲೇ ಇರತೀನವಾ, ಕಾರಟಗ್ಯಾಗ. ಮತ್ತೆಲ್ಲಿ ಹೋಗ್ಲಿ?"

"ನಿಮ್ಮ ವೀಕ್‌ನೆಸ್ ಏನು?"

"ಮೊಣಕಾಲ ಹಿಡಕೊಂತಾವ. ಕುಂತ್ರ ಏಳಾಕ ಭಾಳ ತ್ರಾಸ."

ನೇತ್ರಾವತಿ ಹಣೆ ಚಚ್ಚಿಕೊಂಡಳು. ಎರಡನೇ ಸುತ್ತಿನ ದಿನ ಹುಲಗೆಮ್ಮ ಇಳಕಲ್ ಸೀರೆಯುಟ್ಟು ಬೆಳಿಗ್ಗೆ ಹತ್ತಕ್ಕೇ ಮೊಬೈಲಿನ ಮುಂದೆ ಕೂತಳು. ಎರಡು ಗಂಟೆಯಾದರೂ ಯಾರೂ ಕರೆಯಲಿಲ್ಲ. ಯಾಕೆ ಕರೆಯಲಿಲ್ಲ ಎಂದು ಹೇಳುವ ಸೌಜನ್ಯವೂ ಆ ಮಹಾಶಯರಿಗೆ ಇರಲಿಲ್ಲ. ಮುಂದಿನ ವಾರ ಬೇರೊಬ್ಬನು ಕರೆ ಮಾಡಿ, ಹಿಂದಿನದೇನೂ ನಡೆದೇ ಇಲ್ಲವೆಂಬಂತೆ, "ನಿಮ್ಮ ಬಗ್ಗೆ ಹೇಳಿ" ಎಂದು ಮೊದಲಿನಿಂದ ಶುರುಮಾಡಿದ. ಮೂರನೇ ಸುತ್ತಿನಲ್ಲಿ ಮತ್ತೊಬ್ಬಳು, ಮತ್ತೆ ಅದೇ ರಾಗ.

"ನನ್ನ ಬಗ್ಗೆ ಎಷ್ಟ ಸಲ ಕೇಳತಾರ ಇವ್ರು? ಅಕ್ಕಿ ಬಗ್ಗೆ ಒಬ್ಬರೂ ಕೇಳವಲ್ರು" ಎಂದಳು ಹುಲಗೆಮ್ಮ.

ನಾಲ್ಕನೇ ಸುತ್ತಿನಲ್ಲಿ ಅಂತೂ ಅಕ್ಕಿ ಬಂತು, ಫೋಟೋದಲ್ಲಿ. ನೂರು ಫೋಟೋ. ಒಂದೊಂದಕ್ಕೂ 'ಒಳ್ಳೆಯದು' ಇಲ್ಲವೇ 'ಕೆಟ್ಟದ್ದು' ಎಂದು ಒತ್ತಬೇಕು. ಹುಲಗೆಮ್ಮ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ ನೋಡಿ ಒತ್ತಿದಳು. ಮರುದಿನ ಬಂದ ಉತ್ತರ: ನಲವತ್ತು ತಪ್ಪು, ನಪಾಸು.

ಸಂಜೆ ಮೊದಲಿನ ಹುಡುಗಿಯೇ ಪಾಪ, ಕರುಣೆಯಿಂದ ನೇತ್ರಾವತಿಗೆ ಫೋನ್ ಮಾಡಿದಳು. "ಇನ್ನೊಂದು ಚಾನ್ಸ್ ಕೊಡ್ತೀವಿ. ಹಳದಿ ಇರೋದನ್ನೆಲ್ಲ ಕೆಟ್ಟದ್ದು ಅಂತ ಒತ್ತೋಕೆ ಹೇಳಿ, ಪಾಸಾಗ್ತಾರೆ."

ನೇತ್ರಾವತಿ ಅತ್ತೆಯ ಮುಂದೆ ಕೂತು ಅಂಗಲಾಚಿದಳು. "ಒತ್ತಿಬಿಡ್ರಿ ಅತ್ತಿ. ನಿಮ್ಮದೇನ ಹೋಗತೈತಿ?"

"ಹಳೇ ಅಕ್ಕಿ ಹಳದಿನ ಇರತೈತಿ. ಊರ ಮಂದಿ ಹೆಚ್ಚಿನ ರೊಕ್ಕ ಕೊಟ್ಟು ಒಯ್ಯೂ ಅಕ್ಕಿ ಅದು. ಕೆಟ್ಟದ್ದು ಅಂತ ಹೆಂಗ ಒತ್ತಲಿ? ನಾ ಒತ್ತಿದ್ರ ಆ ಮಷೀನ್ ಅದನ್ನ ಖರೇ ಅನಕೋತೈತಿ."

ಎರಡನೇ ಸಲವೂ ನಲವತ್ತೇ ತಪ್ಪಾದವು. ನೇತ್ರಾವತಿ ಎರಡು ದಿನ ಅತ್ತೆಯ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮೂರನೇ ದಿನ ಮನೆಯ ಮುಂದೆ ಕಾರು ನಿಂತಿತು. ಕಂಪನಿಯ ದೊಡ್ಡ ಸಾಹೇಬರು ತಾವೇ ಒಂದು ಚೀಲ ಹಿಡಿದು ಇಳಿದರು. ಫೋಟೋಗಳ ಕ್ರಮ ಬದಲಿಸಿ ಕಳಿಸಿದ್ದರೂ ಎರಡೂ ಸಲ ಅವೇ ನಲವತ್ತು ತಪ್ಪಾಗಿದ್ದವಂತೆ. ತಿಳಿಯದೆ ಒತ್ತುವವರು ಹೀಗೆ ಒತ್ತುವುದಿಲ್ಲ ಎಂದು ಅವರಿಗೆ ಅನುಮಾನ ಬಂದಿತ್ತು. ಫೋಟೋ ತೆಗೆದ ಅಕ್ಕಿಯಲ್ಲಿ ಹಳದಿ ಇದ್ದದ್ದನ್ನೆಲ್ಲ ಅರವತ್ತು ಸಣ್ಣ ಪೊಟ್ಟಣಗಳಲ್ಲಿ ತಂದಿದ್ದರು. ಪ್ರತಿ ಪೊಟ್ಟಣದೊಳಗೆ, ಯಾವ ಊರಿನದು, ಯಾವ ವರ್ಷದ್ದು, ಎಂಥ ಮಾಲು ಎಂಬ ಮಡಿಸಿದ ಚೀಟಿಯಿತ್ತು.

ಹುಲಗೆಮ್ಮ ಒಂದೊಂದನ್ನೇ ತಾಟಿಗೆ ಸುರಿದಳು. ಅಂಗೈಯಲ್ಲಿ ತಿಕ್ಕಿ, ಮೂಸಿ, ಒಂದು ಕಾಳನ್ನು ದವಡೆಯಲ್ಲಿಟ್ಟು ಕಟ್ಟೆಂದು ಕಡಿದಳು.

"ಎರಡು ವರ್ಷದ್ದು. ಅನ್ನ ಉದುರುದುರು ಆಗತೈತಿ."

ಸಾಹೇಬರು ಚೀಟಿ ಬಿಚ್ಚಿದರು. ಎರಡು ವರ್ಷ. ಮುಂದಿನದಕ್ಕೆ, "ಇದು ಹಳೇದಲ್ಲ. ತೊಯ್ದ ಭತ್ತ ರಾಶಿ ಹಾಕಿ ಬಿಟ್ಟಾರ, ಒಳಗ ಕಾವು ಹಿಡದೈತಿ" ಎಂದಳು. ಚೀಟಿಯಲ್ಲಿ, ಮಳೆಗೆ ಸಿಕ್ಕ ಮಾಲು ಎಂದಿತ್ತು. ನೇತ್ರಾವತಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಅದೇ ಹಳದಿ. ಮೂಸಿದಳು, ಏನೂ ತಿಳಿಯಲಿಲ್ಲ. ಇಪ್ಪತ್ತು ಪೊಟ್ಟಣಗಳಾದ ಮೇಲೆ ಹುಲಗೆಮ್ಮ ಕಾಳನ್ನು ಎಡದವಡೆಗೆ ಸರಿಸಿದಳು. ಆಗ ಬಾಯೊಳಗೆ ಕಂಡಿತು: ಬಲಗಡೆಯ ಹಲ್ಲುಗಳು ನುಣ್ಣಗೆ ಸವೆದು ಒಸಡಿಗೆ ಹತ್ತಿಕೊಂಡಿದ್ದವು. ಆರು ವರ್ಷ ಒಂದೇ ಒಲೆಯ ಮುಂದೆ ಇದ್ದು ನಾನಿದನ್ನು ನೋಡಲಿಲ್ಲವಲ್ಲ ಎಂದು ನೇತ್ರಾವತಿ ಮನಸ್ಸಿನಲ್ಲೇ ನೊಂದಳು.

ಅರವತ್ತು ಚೀಟಿ ಬಿಚ್ಚಿದರೂ ಹುಲಗೆಮ್ಮನ ಮಾತು ಒಂದೂ ಸುಳ್ಳಾಗಲಿಲ್ಲ. ಸಾಹೇಬರು ಚೀಟಿಗಳನ್ನೆಲ್ಲ ಕೂಡಿಸಿ ಜೇಬಿಗಿಟ್ಟರು. ಆಮೇಲೆ ಬೆಂಗಳೂರಿಗೆ ಫೋನ್ ಹಚ್ಚಿದರು. "ತಪ್ಪು ಅಮ್ಮನದಲ್ಲ, ನಾವು ಬರೆದಿಟ್ಟ ಉತ್ತರದ್ದು. ಇವತ್ತೇ ಕೆಲಸದ ಆರ್ಡರ್ ಕಳಿಸಿ. ಇನ್ನು ಯಾವ ಸುತ್ತೂ ಬೇಡ."

ಹುಲಗೆಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಕಣ್ಣು ತುಂಬಿತ್ತು.

ನೇತ್ರಾವತಿ ತಾಟಿನ ಹತ್ತಿರ ಸರಿದು ಅಂಗೈ ಚಾಚಿದಳು.

"ನನಗೂ ಒಂದ ಕಾಳ ಕೊಡ್ರಿ ಅತ್ತಿ."