ನಾಚಿಕೆ ಬಿಡಿಸುವ ಸರಸಮ್ಮ

ಬೆಳಗಿನ ಏಳು ಗಂಟೆ. ಹೊಳೆನರಸೀಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೂ ಕಸ ಗುಡಿಸುತ್ತಿದ್ದಾರೆ. ಆಪ್ತಸಮಾಲೋಚಕಿ ಸರಸಮ್ಮ ಆಗಲೇ ಕೊಠಡಿಯ ಬೀಗ ತೆಗೆದು ಕೂತಿದ್ದಾರೆ. ಲೈಂಗಿಕ ಕಾಯಿಲೆಗಳ ಬಗ್ಗೆ ತಿಳಿಹೇಳುವುದು ಅವರ ಕೆಲಸ. ಜನ ಸೇರುವ ಮೊದಲೇ ಬಂದು ಜಾರಿಕೊಳ್ಳುವವರೇ ಹೆಚ್ಚು.

ದಿನಕ್ಕೆ ಹತ್ತು ಹನ್ನೆರಡು ಮಂದಿ, ಹನ್ನೊಂದು ವರ್ಷದ ಗುತ್ತಿಗೆ ನೌಕರಿ. ಅರ್ಚಕರಾದ ಅಪ್ಪ ಲಕ್ಷ್ಮೀನರಸಿಂಹಯ್ಯ ಮಾತ್ರ ಮಗಳು ಸಕ್ಕರೆ ಕಾಯಿಲೆ ವಿಭಾಗದಲ್ಲಿದ್ದಾಳೆಂದೇ ಊರಿಗೆಲ್ಲ ಹೇಳಿದ್ದಾರೆ. "ಪಥ್ಯ ಕೇಳೋಕೆ ಮನೆಗೇ ಬರ್ತಾರೆ. ಅನ್ನ ಕಮ್ಮಿ ಮಾಡಿ ಅಂತ ಕಳಿಸ್ತೀನಿ" ಎಂದು ಸರಸಮ್ಮ ನಗುತ್ತಾರೆ.

ಇವತ್ತು ಎದುರಿಗೆ ಕೂತವರು ಸಾಲಗಾಮೆ ಕಡೆಯ ರೈತ ಕನಕರಾಜು ಮತ್ತು ಹೆಂಡತಿ ಲತಾ. ಪಕ್ಕದ ಹಾಸನ ಬಿಟ್ಟು ಇಷ್ಟು ದೂರ ಬಂದದ್ದು ಗುರುತಿನವರ ಕಣ್ಣಿಗೆ ಬೀಳಬಾರದೆಂದು. ಇಲ್ಲಿಂದ ನೇರ ಕಟ್ಟಾಯದ ತವರಿಗೆ ಎಂದು ಲತಾ ಬಟ್ಟೆ ಕಟ್ಟಿಕೊಂಡೇ ಬಂದಿದ್ದಾಳೆ. ನಿನ್ನೆ ಒಬ್ಬನೇ ಬಂದಿದ್ದ ಗಂಡನ ಗುಪ್ತಾಂಗದ ಗುಳ್ಳೆಗಳನ್ನು ಇಲ್ಲಿನ ಡಾಕ್ಟರು ಹರ್ಪಿಸ್ ಎಂದಿದ್ದಾರೆ. ಅದಕ್ಕೂ ಮೊದಲು ಈ ಮಹಾರಾಯ ಅವ್ವನ ಹತ್ತಿರ ಸರ್ಪಸುತ್ತು ಎಂದುಬಿಟ್ಟಿದ್ದ. ಅವ್ವ ಬಿಡುತ್ತಾಳೆಯೇ? ನಾಟಿಮದ್ದಿನ ತಮ್ಮಯ್ಯನನ್ನೇ ಕರೆಸಿದಳು. ನಿಜವಾದ ಜಾಗ ತೋರಿಸಲು ನಾಚಿ ಇವನು ಸೊಂಟ ತೋರಿಸಿದ. ತಮ್ಮಯ್ಯ ಕೆಮ್ಮಣ್ಣು ಕಲೆಸಿ ಅಲ್ಲೇ ಹಾವು ಬರೆದು ಹೋದ.

"ಆವು ಒಂದ್ ಕಡೆ, ಗುಳ್ಳೆ ಒಂದ್ ಕಡೆ! ಯಾವೋಳ್ತಾವ ಓಗಿದ್ದ ಅಂತ ಕೇಳಿ ಮೇಡಂ" ಎಂದು ಲತಾ ಸಿಡಿಯುತ್ತಾಳೆ.

"ಈ ವೈರಸ್ಸು ವರ್ಷಗಟ್ಟಲೆ ಸುಮ್ನೆ ಮೈಯೊಳಗಿರುತ್ತಮ್ಮ" ಎನ್ನುತ್ತಾರೆ ಸರಸಮ್ಮ. "ಎಷ್ಟೋ ಜನಕ್ಕೆ ಇರೋದೇ ಗೊತ್ತಿರಲ್ಲ. ಯಾರಿಂದ ಯಾರಿಗೆ, ಯಾವಾಗ ಬಂತು ಅಂತ ಗುಳ್ಳೆ ನೋಡಿ ಹೇಳೋಕಾಗಲ್ಲ. ಪೂರ್ತಿ ಹೋಗಲ್ಲ, ಮಾತ್ರೆಗೆ ಬಗ್ಗುತ್ತೆ. ಗುಳ್ಳೆ ಇದ್ದಾಗ ಸೇರಬೇಡಿ. ಮಿಕ್ಕ ದಿನ ಕಾಂಡೋಮ್ ಬಳಸಿದ್ರೆ ಅಪಾಯ ಕಮ್ಮಿ."

ಲತಾ ಮೆತ್ತಗಾಗುತ್ತಾಳೆ. "ಎರಡ್ ವರ್ಷದ್ ಕೆಳಗೆ ನಂಗೂ ಇಂಗೇ ಆಗಿತ್ತು. ಉಷ್ಣ ಅಂತ ಎಳ್ನೀರ್ ಕುಡ್ಕಂಡು ಸುಮ್ಕಾದೆ."

ಕನಕರಾಜು ಎದೆ ಸೆಟೆಸುತ್ತಾನೆ. "ಮತ್ತೆ ರಾತ್ರಿಯಿಂದ ನನ್ ಪ್ರಾಣ ತಿಂದಿದ್ಯಲ್ಲೇ!"

"ನೀವಿನ್ನು ಶುರು ಮಾಡಬೇಡಿ. ಇಬ್ಬರೂ ಡಾಕ್ಟರ ಹತ್ತಿರ ಹೋಗಿ" ಎಂದು ಸರಸಮ್ಮ ಗದರುತ್ತಾರೆ.

ಬಾಗಿಲು ತೆರೆದರೆ ಬೆಂಚಿನ ಮೇಲೆ ಟವೆಲ್ಲಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಕೂತವನು ಅವರದೇ ಊರಿನ ದೇವಯ್ಯ! ಕನಕರಾಜು ಗೋಡೆ ಕಡೆ ತಿರುಗಿಬಿಡುತ್ತಾನೆ. ಲತಾ ಮಾತ್ರ ನಿಲ್ಲುತ್ತಾಳೆ.

"ಇವ್ರಿಗೆ ಹರ್ಪಿಸ್ ಕಣ ದೇವಣ್ಣ, ನಂಗೂ ಇರ್ಬೌದು. ಪ್ರಾಣ ಏನ್ ಓಗಲ್ಲ. ಡಾಕ್ಟ್ರಿಗೆ ತೋರ್ಸ್ಕಂಡು ಇಬ್ರೂ ಮನೆಗೇ ಓಯ್ತೀವಿ. ನೀನು ಒಳಿಕ್ ಓಗು, ಅಮ್ಮೋರು ಬೈಯಲ್ಲ."

ದೇವಯ್ಯ ಟವೆಲ್ಲು ತೆಗೆದು ಎದ್ದು ನಿಲ್ಲುತ್ತಾನೆ. ಒಳಗೆ ಸರಸಮ್ಮನ ಕಣ್ಣು ತುಂಬಿದೆ.

"ಹನ್ನೊಂದು ವರ್ಷದಲ್ಲಿ ಕಾಯಿಲೆ ಹೆಸರನ್ನ ಈ ಬಾಗಿಲಾಚೆ ಗಟ್ಟಿಯಾಗಿ ಹೇಳಿದ್ದು ಅವಳೊಬ್ಬಳೇ."